ವಾಸಿಯಾಗ್ಲಿ ಅಂತ ಜಪಸರ ಮಾಡಿದ್ವಿ, ಅಜ್ಜಿ ಹೋದ್ರು. ಈಗ ಮಕ್ಕಳಿಗೆ ಭರವಸೆ ಪಾಠ ಹೆಂಗೆ ಹೇಳ್ಕೊಡ್ಲಿ?

ಹೊಲಿಗೆ ಮಿಸ್, ಮೂಡಿಗೆರೆ ಕಡೆ

ಎಲ್ರಿಗೂ ನಮಸ್ಕಾರ. ನಮ್ದು ಮೂಡಿಗೆರೆ ಕಡೆ ಒಂದು ಸಣ್ಣ ಧರ್ಮಕೇಂದ್ರ (ಕ್ಯಾಥೊಲಿಕ್ ಚರ್ಚ್). ನನ್ನ ಕೆಲ್ಸ ಟೈಲರಿಂಗ್, ಭಾನುವಾರ ಪೂಜೆ ಮುಗಿದ ಮೇಲೆ ಏಳನೇ ಎಂಟನೇ ಕ್ಲಾಸ್ ಮಕ್ಳಿಗೆ ಕ್ಯಾಟಿಕಿಸಂ, ಅಂದ್ರೆ ಧರ್ಮದ ಪಾಠ, ತಗೋತೀನಿ. ಮಕ್ಳು ಅಂದ್ರೆ ಒಟ್ಟು ಒಂಬತ್ತು ಜನ ಅಷ್ಟೆ ಮಾರಾಯ್ರೆ, ನಾವು ಓದೋವಾಗ ಇದೇ ರೂಮಲ್ಲಿ ಬೆಂಚ್ ಸಾಲ್ದೆ ಚಾಪೆ ಹಾಸ್ತಿದ್ರು.

ವಿಷ್ಯ ಏನಂದ್ರೆ ಈ ಮಳೆಗಾಲದಲ್ಲಿ ನಮ್ ಕ್ಲಾಸಿನ ಒಬ್ಬ ಹುಡುಗನ ಅಜ್ಜಿಗೆ ಸೀರಿಯಸ್ ಆಯ್ತು. ವಾರ್ಡಿನವ್ರೆಲ್ಲ ಸೇರಿ ಅವ್ರ ಮನೇಲಿ ಒಂಬತ್ತು ದಿನ ಜಪಸರ (ಮಣಿ ಎಣಿಸ್ತಾ ಮಾತೆ ಮರಿಯಮ್ಮನವ್ರಿಗೆ ಮಾಡೋ ಪ್ರಾರ್ಥನೆ) ಅಂತ ಅಂದ್ಕೊಂಡು ಶುರು ಮಾಡಿದ್ವಿ. ನಾಲ್ಕು ದಿನದಿಂದ ಕರೆಂಟ್ ಇಲ್ಲ, ಮೊಬೈಲ್ ಟಾರ್ಚ್ ಮೇಲೆ ನೀರಿನ ಲೋಟ ಇಟ್ಟು ಅದ್ರ ಬೆಳಕಲ್ಲೇ ಕೂತಿದ್ವಿ, ಹೆಂಚಿನ ಮೇಲೆ ಮಳೆ ಸದ್ದಿಗೆ ಪಕ್ಕದವ್ರ ಮಾತೂ ಕೇಳಲ್ಲ, ಆದ್ರೂ ಈ ಹುಡುಗ ದಿನಾ ಅಜ್ಜಿ ಮಂಚದ ಪಕ್ಕ ಕೂತ್ಕೊಂಡು ಗಂಟಲು ಹರ್ಕೊಂಡು ಮುಂದೆ ಹೇಳ್ಕೊಡೋನು. ಏಳನೇ ದಿನ ಬೆಳಿಗ್ಗೆ ಅಜ್ಜಿ ತೀರ್ಕೊಂಡ್ರು.

ಹೋದ ಭಾನುವಾರ ನಾನು ಬೋರ್ಡ್ ಮೇಲೆ ವಿಶ್ವಾಸ, ಭರವಸೆ, ಪ್ರೀತಿ ಅಂತ ಬರ್ದು ಭರವಸೆ ಅಂದ್ರೆ ಏನು ಅಂತ ಶುರು ಮಾಡಿದ್ದೇ ತಡ, ಅವ್ನು ಕೇಳ್ದ, "ಮಿಸ್, ಅಷ್ಟು ಜನ ಕೇಳ್ಕೊಂಡ್ರೂ ಆಗ್ಲಿಲ್ಲ. ಮುಂದಿನ ಸಲ ಯಾರಿಗಾದ್ರೂ ಹುಷಾರಿಲ್ದಾಗ ಯಾಕೆ ಮಾಡ್ಬೇಕು?" ನಾನು "ಎಲ್ಲಾ ದೇವರ ಚಿತ್ತ ಪುಟ್ಟ" ಅಂದ್ಬಿಟ್ಟೆ. ಅವ್ನು "ಹೂಂ ಮಿಸ್" ಅಂತ ಕಂಪಾಸಿನ ಮುಳ್ಳಲ್ಲಿ ಬೆಂಚ್ ಗೀಚ್ಕೊಂಡು ಕೂತ. ಆ "ಹೂಂ" ನನ್ಗೆ ಇನ್ನೂ ಕಿವೀಲಿದೆ.

ನಮ್ ಚರ್ಚ್ ಗೇಟಲ್ಲಿ ಜ್ಯೂಬಿಲಿ ವರ್ಷದ "ಭರವಸೆಯ ಯಾತ್ರಿಕರು" ಬ್ಯಾನರ್ ಇನ್ನೂ ಹಂಗೇ ನೇತಾಡ್ತಿದೆ, ಬಣ್ಣ ಹೋಗಿ ಒಂದು ಮೂಲೆ ಕಿತ್ತು ಗಾಳಿಗೆ ಪಟಪಟ ಅಂತಿದೆ. ಯೂತ್ ಎಲ್ಲ ಬೆಂಗ್ಳೂರು, ದುಬೈ. ಕ್ವೈರಲ್ಲಿ ನಾಲ್ಕು ಜನ, ಅದ್ರಲ್ಲಿ ಒಬ್ರಿಗೆ ಕೆಮ್ಮು. ನನ್ಗೆ ದೊಡ್ಡ ದೊಡ್ಡ ವ್ಯಾಖ್ಯಾನ ಬೇಡ, ನಿಮ್ ನಿಮ್ ಚರ್ಚಲ್ಲಿ ಈ ಭರವಸೆ ಅನ್ನೋದು ದಿನದ ಬದುಕಲ್ಲಿ ಎಲ್ಲಾದ್ರೂ ಕಣ್ಣಿಗೆ ಬಿದ್ದಿದ್ಯಾ ಅದನ್ನ ಹೇಳಿ.

ಲೆಕ್ಕದ ಮೇಷ್ಟ್ರು, ಹಾಸನ

ಮಿಸ್ ಅವ್ರೆ, ಮೊದ್ಲು ನಿಮ್ಮನ್ನ ನೀವೇ ಬೈಕೊಳ್ಳೋದು ಬಿಡಿ. ದೇವರ ಚಿತ್ತ ಅನ್ನೋದು ಸುಳ್ಳಲ್ಲ, ಹೇಳೋ ಹೊತ್ತು ತಪ್ಪಿದೆ ಅಷ್ಟೆ. ನಾನು ಮೂವತ್ತು ವರ್ಷ ಪಾಠ ಮಾಡಿದೋನು, ಇಂಥ "ಹೂಂ" ಎಷ್ಟು ತಿಂದಿದೀನೋ.

ನಮ್ ಕನ್ನಡದಲ್ಲಿ ಇದಕ್ಕೆ ಎರಡು ಪದ ಓಡಾಡ್ತವೆ ನೋಡಿ. ಬೈಬಲಲ್ಲಿ ನಿರೀಕ್ಷೆ ಅಂತ ಓದ್ತೀವಿ, ಬ್ಯಾನರಲ್ಲಿ ಭರವಸೆ ಅಂತ ಬರೀತೀವಿ. ನಿರೀಕ್ಷೆ ಅಂದ ತಕ್ಷಣ ನಮ್ ತಲೇಲಿ ರಿಸಲ್ಟ್ ಬರುತ್ತೆ, ಇಷ್ಟು ಮಾರ್ಕ್ಸ್ ನಿರೀಕ್ಷೆ ಇತ್ತು ಹುಸಿ ಆಯ್ತು ಅಂತೀವಲ್ಲ ಹಂಗೆ. ಭರವಸೆ ಹಂಗಲ್ಲ, ಅದನ್ನ ಯಾರೋ ಒಬ್ರು ಕೊಟ್ಟಿರ್ಬೇಕು, ಕೊಟ್ಟೋರು ಯಾರು ಅನ್ನೋದ್ರ ಮೇಲೆ ಅದಕ್ಕೆ ಬೆಲೆ. ಆ ಹುಡುಗನಿಗೆ ಹುಸಿ ಆಗಿದ್ದು ಮೊದಲನೇದು. ಎರಡನೇದನ್ನ ಅವನಿಗೆ ಯಾರೂ ಇನ್ನೂ ತೋರ್ಸಿಲ್ಲ.

ಹಳೇ ಕಾಲದ ಧರ್ಮಪಂಡಿತ ಸಂತ ತೋಮಸ್ ಅಕ್ವಿನಾಸ್ ಇದನ್ನ ಚೆನ್ನಾಗಿ ಬಿಡಿಸಿಟ್ಟಿದಾರೆ. ಭರವಸೆ ಇಡೋದು ಒಳ್ಳೇದ್ರ ಮೇಲೆ, ಇನ್ನೂ ಕೈಗೆ ಸಿಗದೇ ಇರೋದ್ರ ಮೇಲೆ, ಸಿಗೋದು ಕಷ್ಟ ಆದ್ರೂ ಸಾಧ್ಯ ಇರೋದ್ರ ಮೇಲೆ ಅಂತಾರೆ, ಅದೂ ದೇವರ ಬಲದಿಂದ. ಇದಕ್ಕೆ ಎರಡು ಕಡೆ ಎರಡು ಗುಂಡಿ. ಒಂದು ಹತಾಶೆ. ಇನ್ನೊಂದು "ಏ, ಹೆಂಗಿದ್ರೂ ಆಗುತ್ತೆ ಬಿಡು, ದೇವ್ರು ನಮ್ಮೋನು" ಅನ್ನೋ ಅತಿಸಲಿಗೆ. ನಮ್ ವಾರ್ಡ್ ಮೀಟಿಂಗುಗಳಲ್ಲಿ ಎರಡನೇ ಗುಂಡಿಗೆ ಬೀಳೋರೇ ಜಾಸ್ತಿ, ಬಿದ್ದಿದೀವಿ ಅಂತ್ಲೂ ಗೊತ್ತಾಗಲ್ಲ.

ಇನ್ನು ಲೆಕ್ಕಕ್ಕೆ ಬರ್ತೀನಿ, ನನ್ ಚಟ ಅದು. ಜಪಸರ ಕೈಗೆ ತಗೊಳ್ಳಿ. ಶಿಲುಬೆ, ಒಂದು ದೊಡ್ಡ ಮಣಿ, ಆಮೇಲೆ ಮೂರು ಸಣ್ಣ ಮಣಿ. ಆ ಮೂರು ಮಣೀನ ವಿಶ್ವಾಸ, ಭರವಸೆ, ಪ್ರೀತಿ ಬೇಕು ಅಂತ ಕೇಳ್ಕೊಂಡೇ ಹೇಳೋದು ಹಿಂದಿನಿಂದ ಬಂದ ರೂಢಿ. ನಿಮ್ ಪಾಠ ಎರಡನೇ ಮಣಿ. ಆ ಮೂರು, ಆಮೇಲಿನ ಐವತ್ತು, ಒಟ್ಟು 53 ಸಲ ಮಾತೆ ಮರಿಯಮ್ಮನವ್ರಿಗೆ ಏನು ಹೇಳ್ತೀವಿ? ಈಗಲೂ, ನಮ್ಮ ಮರಣದ ಹೊತ್ತಿನಲ್ಲೂ ನಮಗೋಸ್ಕರ ಪ್ರಾರ್ಥಿಸಿ ಅಂತ. ಏಳನೇ ದಿನ ಬೆಳಿಗ್ಗೆ ಹೋದ್ರು ಅಂದ್ರೆ ಆರು ಸಂಜೆ, 318 ಸಲ. ಮನಸಲ್ಲಿ ಇದ್ದಿದ್ದು ವಾಸಿ ಆಗ್ಲಿ ಅಂತ, ಸರಿ, ಯಾರಿಗಿರಲ್ಲ. ಆದ್ರೆ ಬಾಯಲ್ಲಿ 318 ಸಲ ಬಂದಿದ್ದು ಆ ಹೊತ್ತಿಗೆ ಜೊತೆಗಿರಿ ಅಂತ. ಆ ಹೊತ್ತಲ್ಲಿ ಅಜ್ಜಿ ಒಬ್ರೇ ಇದ್ರಾ?

ಆದ್ರೆ ಇದನ್ನ ಹುಡುಗನ ಮುಂದೆ ಹಿಡಿದು "ನೋಡಪ್ಪ ಉತ್ರ ಸಿಕ್ತು" ಅನ್ಬೇಡಿ. ಅವನಿಗೆ ಲೆಕ್ಕ ಬೇಡ, ಅಜ್ಜಿ ಬೇಕಿತ್ತು. ಅವ್ನ ಜೊತೆ ಕೂತು ಎಣಿಸಿ, ಸಾಕು.

ಲೈನ್ ಮನೆ ಹುಡುಗ

ಮೇಷ್ಟ್ರೆ ಬೇಜಾರ್ ಮಾಡ್ಕೋಬೇಡಿ, ಭರವಸೆ ಯಾರೋ ಕೊಡೋದು ಅಂದ್ರಲ್ಲ, ನಮ್ಗೆ ಅದನ್ನ ಕೊಡೋರಿಗೇನು ಬರ ಇರ್ಲಿಲ್ಲ. ಎಲೆಕ್ಷನ್ ಬಂದ್ರೆ ಕೊಡ್ತಾರೆ, ತೋಟದ ಸಾಹುಕಾರ್ರು ಕೊಡ್ತಾರೆ, ಚರ್ಚಲ್ಲಿ ಫಾದರ್ ಪ್ರಸಂಗದಲ್ಲೂ ಕೊಡ್ತಾರೆ. ನಾನು ಹುಟ್ಟಿದ್ದು ಎಸ್ಟೇಟ್ ಕೂಲಿಯವ್ರ ಲೈನ್ ಮನೇಲಿ, ಮಳೆಗಾಲ ಪೂರ್ತಿ ಪಾತ್ರೆ ಇಟ್ಕೊಂಡು ಮಲಗ್ತಿದ್ವಿ, ಎಲ್ಲಿ ಸೋರುತ್ತೋ ಅಲ್ಲೊಂದು. ಅಂಥೋರಿಗೆ ತಾಳ್ಮೆಯಿಂದ ಭರವಸೆ ಇಡಿ ಅಂದ್ರೆ ಬಾಯ್ ಮುಚ್ಕೊಂಡಿರಿ ಅಂತ್ಲೇ ಕೇಳ್ಸೋದು.

ಆದ್ರೆ ಒಂದು ಹೇಳ್ಬೇಕು, ಇಲ್ಲಾಂದ್ರೆ ಅನ್ಯಾಯ ಆಗುತ್ತೆ. ಅಪ್ಪ ಮರಗಸಿ (ನೆರಳಿನ ಮರದ ಕೊಂಬೆ ಕಡಿಯೋದು) ಮಾಡೋವಾಗ ಸಿಲ್ವರ್ ಮರದಿಂದ ಬಿದ್ದು ಮಲಗಿದ್ದಾಗ ವಿನ್ಸೆಂಟ್ ದೆ ಪಾಲ್ ಸಭೆಯವ್ರು ಇಬ್ರು ಬಂದ್ರು. ಆ ಸಭೆ 1833ರಲ್ಲಿ ಪ್ಯಾರಿಸಲ್ಲಿ ಫ್ರೆಡ್ರಿಕ್ ಓಝಾನಮ್ ಅನ್ನೋ ಕಾಲೇಜ್ ಹುಡುಗ ತನ್ನ ಸ್ನೇಹಿತರ ಜೊತೆ ಶುರು ಮಾಡಿದ್ದಂತೆ, ಕಷ್ಟದಲ್ಲಿರೋರ ಮನೆಗೇ ಹೋಗಿ ನೋಡೋದೇ ಅವ್ರ ಮುಖ್ಯ ಕೆಲ್ಸ, ಇದೆಲ್ಲ ಆಮೇಲೆ ಗೊತ್ತಾಗಿದ್ದು. ಆವತ್ತು ಕಂಡಿದ್ದು ಒಬ್ರು ಅಂಗಡಿ ಅಂಕಲ್, ಇನ್ನೊಬ್ರು ಕಂಡಕ್ಟರ್ ಅಂಕಲ್. ನೆಲದ ಮೇಲೆ ಕೂತು ಬೆಲ್ಲದ ಕರಿ ಕಾಫಿ ಕುಡಿದ್ರು, ಪಾಕೆಟ್ ಬುಕ್ಕಲ್ಲಿ ಏನೋ ಬರ್ಕೊಂಡ್ರು. ಎಲ್ಲಾ ಸರಿ ಹೋಗುತ್ತೆ ಅಂತ ಒಂದ್ಸಲನೂ ಅನ್ಲಿಲ್ಲ. ಎರಡನೇ ಶನಿವಾರ ಬರ್ತೀವಿ ಅಂದ್ರು. ಬಂದ್ರು. ಹನ್ನೊಂದು ತಿಂಗ್ಳು ಬಂದ್ರು. ಒಂದ್ಸಲ ಬಸ್ಸು ಕೆಟ್ಟು ರಾತ್ರಿ ಎಂಟಕ್ಕೆ ಟಾರ್ಚ್ ಹಿಡ್ಕೊಂಡು, ಕಾಲಿಗೆ ಹತ್ತಿದ ಜಿಗಣೆ ಕಿತ್ತಾಕ್ತಾ ಬಂದ್ರು.

ಅಪ್ಪ ಮತ್ತೆ ಮರ ಹತ್ಲಿಲ್ಲ, ಅದು ಬೇರೆ. ಆದ್ರೆ ಎರಡನೇ ಶನಿವಾರ ಬೆಳಿಗ್ಗೆನೇ ಶೇವ್ ಮಾಡ್ಸು ಅಂತ ನನ್ನ ಕರೀತಿದ್ರು.

ಶೆಟ್ಟಿಹಳ್ಳಿ ಮೊಮ್ಮಗ

ಮೇಲಿನ ಅಣ್ಣ ಹೇಳಿದ್ದು ಸತ್ಯ. ಸುಮ್ನಿರೋದು ಬೇರೆ, ಭರವಸೆ ಬೇರೆ. ನಮ್ಮಮ್ಮನ ತವರು ಹಾಸನ ಹತ್ರದ ಶೆಟ್ಟಿಹಳ್ಳಿ. ಈಗ ಎಲ್ರೂ ಡ್ರೋನ್ ಹಾರ್ಸಿ ಫೋಟೋ ತೆಗೀತಾರಲ್ಲ ಆ ಮುಳುಗೋ ಚರ್ಚು, ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದ್ದು. ಗೊರೂರಲ್ಲಿ ಹೇಮಾವತಿ ಡ್ಯಾಮ್ ಆದ್ಮೇಲೆ ಮಳೆಗಾಲದಲ್ಲಿ ಅರ್ಧ ನೀರಲ್ಲಿ, ಬೇಸಿಗೇಲಿ ಹೊರಗೆ. ಬೇಸಿಗೇಲಿ ಒಂದ್ಸಲ ಅಮ್ಮನ್ನ ಕರ್ಕೊಂಡು ಹೋದ್ರೆ ಅಲ್ಲಿ ಪ್ರೀವೆಡ್ಡಿಂಗ್ ಶೂಟಿಂಗ್ ನಡೀತಿತ್ತು, ಹುಡುಗಿ ಪೀಠ ಇದ್ದ ಜಾಗದಲ್ಲಿ ಗೌನ್ ಹರಡ್ಕೊಂಡು ನಿಂತಿದ್ಲು. ಅಮ್ಮ ಬೈತಾರೆ ಅಂದ್ಕೊಂಡೆ, "ಅಲ್ಲೇ ನಂದೂ ಆಗಿದ್ದು, ಚೆನ್ನಾಗಿ ಬಾಳಮ್ಮ" ಅಂತ ಹೇಳಿ ಬಂದ್ರು.

ಡ್ಯಾಮಿಗೋಸ್ಕರ ಊರು ಬಿಟ್ಟ ಮೇಲೆ ಅಜ್ಜ ಪರಿಹಾರಕ್ಕೆ ಅಂತ ಒಂದು ಬಟ್ಟೆ ಚೀಲದಲ್ಲಿ ಕಾಗದ ಹಾಕ್ಕೊಂಡು ತಿಂಗ್ಳಿಗೊಂದ್ಸಲ ಬಸ್ ಹತ್ತೋರಂತೆ, ಹೆಸ್ರಲ್ಲಿ ಒಂದಕ್ಷರ ತಪ್ಪಿತ್ತು ಅಷ್ಟಕ್ಕೆ ಆರೇಳು ವರ್ಷ. ವಾಪಸ್ ಬಂದು ಕಾಲು ತೊಳ್ಕೊಂಡು "ಇವತ್ತು ಆಗ್ಲಿಲ್ಲ" ಅಂತ ಹೇಳಿ ಜಪಸರಕ್ಕೆ ಕೂರೋರು. ಆಗ್ಲಿಲ್ಲ ಅಂತ ಬಾಯ್ಬಿಟ್ಟು ಹೇಳಿಯೇ ಕೂರೋರು, ಅದು ನನ್ಗೆ ಇಷ್ಟ. ನಿಮ್ ಹುಡುಗನೂ ಆಗ್ಲಿಲ್ಲ ಅಂತ ತಾನೇ ಹೇಳಿದ್ದು ಮಿಸ್. ಅದನ್ನ ಹೇಳೋಕೆ ಅವನಿಗೆ ನಿಮ್ ಕ್ಲಾಸಲ್ಲಿ ಜಾಗ ಸಿಕ್ತಲ್ಲ.

ನೈಟ್ ಡ್ಯೂಟಿ ನರ್ಸ್

ಕಳಸ ನನ್ನೂರು, ಈಗ ಬೆಂಗ್ಳೂರಲ್ಲಿ ನರ್ಸ್. ಗಡಿಬಿಡೀಲಿ ಬರೀತಿದೀನಿ. ವಾಸಿ ಆಗಲ್ಲ ಅಂತ ಗೊತ್ತಿರೋ ಪೇಶೆಂಟ್ ಹತ್ರ ನೆಂಟರು "ಏನಾಗಿಲ್ಲ, ಮುಂದಿನ ವಾರ ಮನೆಗೆ" ಅಂತಾರಲ್ಲ, ಅವ್ರು ಆಚೆ ಹೋದ್ಮೇಲೆ ಪೇಶೆಂಟ್ ಗೋಡೆ ಕಡೆ ತಿರ್ಗಿ ಮಲಗ್ತಾರೆ. ನಾನು ದಿನಾ ನೋಡ್ತೀನಿ. ನಮ್ಮಮ್ಮಂಗೆ ಕ್ಯಾನ್ಸರ್ ಆದಾಗ ಊರಿನ ಫಾದರ್ ಮೊದಲ ಶುಕ್ರವಾರ ಪರಮಪ್ರಸಾದ ತರೋರು, ಜೊತೆಗೆ ಒಬ್ರು ಬಾಯಮ್ಮ ಬಂದು ಆ ತಿಂಗ್ಳು ಚರ್ಚಲ್ಲಿ ಯಾರು ಯಾರ ಜೊತೆ ಜಗಳ ಆಡಿದ್ರು ಪೂರ್ತಿ ವರದಿ ಒಪ್ಪಿಸೋರು. ಅಮ್ಮ ಕಾಯ್ತಿದ್ದಿದ್ದು ಎರಡಕ್ಕೂ. ರೋಗಿಗಳ ಅಭ್ಯಂಗ (ಕಾಯಿಲೆ ಜೋರಾದೋರಿಗೆ ಫಾದರ್ ಎಣ್ಣೆ ಹಚ್ಚಿ ಮಾಡೋ ಪ್ರಾರ್ಥನೆ) ಆದ ದಿನ ಅಮ್ಮ ಹೆದರ್ತಾರೆ ಅಂತ ನಾವೆಲ್ಲ ಅಂದ್ಕೊಂಡಿದ್ರೆ ಅವ್ರೇ ಎದ್ದು ಕೂತು ಫಾದರ್‌ಗೆ ಕಾಫಿ ಕೊಡ್ರೇ ಅಂದ್ರು.

ಕ್ಲಾಸಿಗೆ ಒಂದು ಕಥೆ ಬೇಕಿದ್ರೆ ಸಂತ ಜೋಸೆಫಿನ್ ಬಖಿತಾ ಅವ್ರದ್ದು ಹೇಳಿ ಮಿಸ್. ಸುಡಾನಿನ ಡಾರ್ಫುರ್ ಕಡೆ ಹುಟ್ಟಿದ ಹುಡುಗಿ, ಚಿಕ್ಕೋಳಿರುವಾಗ್ಲೇ ಹೊತ್ಕೊಂಡು ಹೋಗಿ ಕೈಯಿಂದ ಕೈಗೆ ಮಾರಿದ್ರು, ಆ ಭಯಕ್ಕೆ ಸ್ವಂತ ಹೆಸ್ರೇ ಮರ್ತೋಯ್ತು. ಬಖಿತಾ ಅಂದ್ರೆ ಅದೃಷ್ಟವಂತೆ, ಹಿಡ್ಕೊಂಡು ಹೋದೋರೇ ಇಟ್ಟ ಹೆಸ್ರು. ಕೊನೆಗೆ ಇಟಲಿ ಸೇರಿ 1890ರಲ್ಲಿ ದೀಕ್ಷಾಸ್ನಾನ, ಆಮೇಲೆ ಸಿಸ್ಟರ್ ಆಗಿ ಎಷ್ಟೋ ವರ್ಷ ಕಾನ್ವೆಂಟ್ ಬಾಗಿಲು ಕಾಯೋ ಕೆಲ್ಸ. 2000ದಲ್ಲಿ ಸಂತರು ಅಂತ ಘೋಷಣೆ ಆಯ್ತು. ಪೋಪ್ 16ನೇ ಬೆನೆಡಿಕ್ಟರು 2007ರಲ್ಲಿ ಭರವಸೆ ಬಗ್ಗೆ ವಿಶ್ವಪತ್ರ (ಇಡೀ ಸಭೆಗೆ ಪೋಪ್ ಬರೆಯೋ ಪತ್ರ) ಬರೆದಾಗ ಶುರುವಲ್ಲೇ ತಂದಿದ್ದು ಈಕೆ ಕಥೆನ. ಏನೇ ಆದ್ರೂ ದೇವರ ಪ್ರೀತಿ ನನ್ಗೋಸ್ಕರ ಕಾಯ್ತಿದೆ, ಅದೇ ಅವ್ರ ಭರವಸೆ. ಮಕ್ಳಿಗೆ ಹೆಸ್ರು ಮರ್ತೋಗಿದ್ದು ತಟ್ಟುತ್ತೆ, ಗ್ಯಾರಂಟಿ. ಡ್ಯೂಟಿಗೆ ಹೊತ್ತಾಯ್ತು.

ಹೊಲಿಗೆ ಮಿಸ್, ಮೂಡಿಗೆರೆ ಕಡೆ

ಎಲ್ರಿಗೂ ಥ್ಯಾಂಕ್ಸ್, ಲೇಟಾಗಿ ಬರೀತಿದೀನಿ, ನೆಟ್‌ವರ್ಕ್ ಇರ್ಲಿಲ್ಲ.

ಭಾನುವಾರ ಪಾಠ ಮಾಡ್ಲಿಲ್ಲ. ಬಖಿತಾ ಕಥೆ ಹೇಳ್ದೆ, ಮಕ್ಳು ಹೊರಟ್ಮೇಲೆ ಆ ಹುಡುಗನ್ನ ಕೂರ್ಸಿಕೊಂಡು, ಆವತ್ತು ನಾನು ಹೇಳಿದ್ದು ನನ್ಗೇ ಸರಿ ಅನ್ನಿಸ್ಲಿಲ್ಲ ಕಣೋ ಅಂದೆ. ಮೇಷ್ಟ್ರು ಹೇಳ್ದಂಗೆ ಜಪಸರ ಹಿಡಿದು ಎಣಿಸಿದ್ವಿ. 318 ಅಂದ ತಕ್ಷಣ ಅವ್ನು ತಪ್ಪು ಮಿಸ್ ಅಂದ. ಅಜ್ಜಿ ಹೋದ್ಮೇಲೆ ಅವ್ರನ್ನ ಮನೇಲಿ ಮಲಗಿಸಿದ್ದ ದಿನ ಸಂಜೆನೂ ಹೇಳಿದ್ವಲ್ಲ, ಏಳು ಆಯ್ತು, 371. (ಮೇಷ್ಟ್ರೆ, ನಿಮ್ ಲೆಕ್ಕ ತಿದ್ದಿದಾನೆ.) ಆಮೇಲೆ ಸ್ವಲ್ಪ ಹೊತ್ತು ಸುಮ್ನಿದ್ದು, "ಒಂಬತ್ತು ಅಂದಿದ್ವಿ, ಎರಡು ಬಾಕಿ ಇದೆ" ಅಂದ. ಅಜ್ಜಿಗೆ ವಾಸಿ ಆಗೋದು ಇನ್ನಿಲ್ವಲ್ಲ, ಮತ್ಯಾಕೆ ಅಂತ ನಾನು ಕೇಳ್ಲಿಲ್ಲ, ಅವನೂ ಹೇಳ್ಲಿಲ್ಲ.

ಶುಕ್ರವಾರ ಸಂಜೆ ನಮ್ ವಾರ್ಡಲ್ಲೇ ಹಾಸಿಗೆ ಹಿಡಿದಿರೋ ಒಬ್ರು ತಾತನ ಮನೆಗೆ ಹೋದ್ವಿ. ಒಂಬತ್ತರಲ್ಲಿ ಆರು ಮಕ್ಳು ಬಂದಿದ್ರು, ಇನ್ನು ಮೂವರಿಗೆ ಟ್ಯೂಷನ್. ತಾತಂಗೆ ಕಿವಿ ಮಂದ, ನಾವು ಮುಂದಿನ ಮಣಿಗೆ ಹೋದ್ರೂ ಅವ್ರು ಹಿಂದಿನದ್ರಲ್ಲೇ ಇರೋರು, ಮಕ್ಳು ನಗು ತಡ್ಕೊಳಕ್ಕಾಗ್ದೆ ಶಾಲಲ್ಲಿ ಮುಖ ಮುಚ್ಕೊಂಡಿದ್ರು, ಇವ್ನೂ ನಕ್ಕ. ಹೊರಡೋವಾಗ ತಾತ ಕೈ ಹಿಡ್ಕೊಂಡು ಮತ್ತೆ ಯಾವಾಗ ಬರ್ತೀರಾ ಅಂತ ಕೇಳಿದ್ರು. ಲೈನ್ ಮನೆ ತಮ್ಮ ಬರೆದಿದ್ದು ನೆನಪಾಗಿ ನಾನು ಏನು ಹೇಳೋದು ಅಂತ ಯೋಚ್ನೆ ಮಾಡ್ತಿದ್ರೆ, ಹುಡುಗ ತಾತನ ಕಿವಿ ಹತ್ರ ಬಗ್ಗಿ "ಬರೋ ಶುಕ್ರವಾರ, ಆರೂವರೆಗೆ" ಅಂತ ಕೂಗಿ ಹೇಳ್ಬಿಟ್ಟ.

ಅದಕ್ಕೇ ಈ ಶುಕ್ರವಾರ ಬ್ಲೌಸ್ ಕೇಳ್ಕೊಂಡು ಬಂದೋರ್ಗೆಲ್ಲ ಶನಿವಾರ ಬನ್ನಿ ಅಂತಿದೀನಿ.