ಬೂಸಾ ಟ್ರೇ ನಡುವೆ 46 ಡಿಗ್ರಿ, ವಾಸನೆ ಬೇರೆ. ಏನು ಮಾಡಲಿ?

ದಾವಣಗೆರೆ ಹುಡುಗಿ:
ಎಂ.ಎಸ್ಸಿ. ಕೊನೇ ವರ್ಷದ ಪ್ರಾಜೆಕ್ಟ್. ಗೋಧಿ ಬೂಸಾ ಮೇಲೆ ಆಸ್ಪರ್ಜಿಲಸ್ ಒರೈಜೆ ಎಂಬ ಬೂಷ್ಟು ಬೆಳೆಸಿ, ಪಿಷ್ಟ ಒಡೆಯುವ ಎಂಜೈಮ್ ಅಮೈಲೇಸ್ ತೆಗೆಯುತ್ತಿದ್ದೇನೆ. ಫ್ಲಾಸ್ಕಿನಲ್ಲಿ 10 ಗ್ರಾಂ ಹಾಕಿದಾಗ ಚೆನ್ನಾಗಿ ಬಂತು. ಆ ಧೈರ್ಯದಲ್ಲಿ 1 ಕೆ.ಜಿ. ಮಾಡಿದೆ. ಒಂದೂವರೆ ಲೀಟರ್ ನೀರು ಹಾಕಿ ಕಲೆಸಿ, ಒಂದೇ ಚೀಲದಲ್ಲಿ ತುಂಬಿ 20 ನಿಮಿಷ ಆಟೋಕ್ಲೇವ್ ಮಾಡಿದೆ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಂದೆ). ಟ್ರೇಯಲ್ಲಿ 6 ಸೆಂ.ಮೀ. ದಪ್ಪ ಹರಡಿ 30 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿಟ್ಟೆ. ಮಾರನೇ ದಿನ ನಡುವೆ ಥರ್ಮಾಮೀಟರ್ ಚುಚ್ಚಿದರೆ 46! ಅಂಚಿನಲ್ಲಿ ಬೆಳ್ಳಗೆ ಬೂಷ್ಟು ಬಂದಿದೆ. ನಡುವೆ ಕಂದು ಬಣ್ಣ, ಲೋಳೆ, ಹಳಸಿದ ವಾಸನೆ. ಇನ್‌ಕ್ಯುಬೇಟರ್ ಕೆಟ್ಟಿದೆಯಾ?

ಹಳೇ ಟ್ರೇ:
ಇನ್‌ಕ್ಯುಬೇಟರ್ ಪಾಪ, ಅದರ ತಪ್ಪೇನಿಲ್ಲಮ್ಮಾ. ಆ ಬಿಸಿ ಬೂಷ್ಟಿನದೇ. ಬೆಳೆಯುವಾಗ ಅದು ಉಸಿರಾಡಿ ಬಿಸಿ ಬಿಡುತ್ತದೆ, ಬೂಸಾ ಕಂಬಳಿಯ ಹಾಗೆ ಅದನ್ನು ಒಳಗೇ ಹಿಡಿದಿಡುತ್ತದೆ. 10 ಗ್ರಾಂನಲ್ಲಿ ಇದು ಗೊತ್ತೇ ಆಗುವುದಿಲ್ಲ.

ನಾನು ಹನ್ನೊಂದು ವರ್ಷ ಒಂದು ಎಂಜೈಮ್ ಘಟಕದ ಟ್ರೇ ರೂಮಿನಲ್ಲಿದ್ದೆ. ಒಂದು ರಾತ್ರಿ ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಅಮೋನಿಯಾ ವಾಸನೆಗೆ ಕಣ್ಣಲ್ಲಿ ನೀರು. ನಲವತ್ತು ಟ್ರೇ ಸೀದಾ ಗುಂಡಿಗೆ ಹೋಯಿತು.

ದಪ್ಪ ಎರಡೂವರೆ ಸೆಂ.ಮೀ. ದಾಟಿಸಬೇಡಿ. ನೀರೂ ಜಾಸ್ತಿಯಾಗಿದೆ. ಬೂಸಾದಲ್ಲೇ ನೂರಕ್ಕೆ ಹತ್ತರಷ್ಟು ತೇವ ಇರುತ್ತದೆ. ಒಂದಕ್ಕೆ ಒಂದು ನೀರು ಹಾಕಿದರೆ 55ರ ಹತ್ತಿರ ಬರುತ್ತದೆ, ಸಾಕು. ನಿಮ್ಮದು 64 ಆಯಿತು. ನನಗೆ ಈ ಲೆಕ್ಕಕ್ಕಿಂತ ಕೈ ಮೇಲೇ ನಂಬಿಕೆ. ಪುಟ್ಟು ಮಾಡಲು ಹಿಟ್ಟು ಕಲೆಸುತ್ತೇವಲ್ಲ, ಹಾಗಿರಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳಲ್ಲಿ ತಟ್ಟಿದರೆ ಉದುರಬೇಕು. ಬೆರಳ ಸಂದಿಯಲ್ಲಿ ನೀರು ಇಳಿಯಿತೋ, ಒಣ ಬೂಸಾ ಸೇರಿಸಿ. ನುಣ್ಣನೆಯ ಬೂಸಾ ಬೇಡ, ಚಕ್ಕೆ ಬೂಸಾ ತನ್ನಿ. ಅದರ ಸಂದಿಯಲ್ಲಿ ಗಾಳಿ ಆಡುತ್ತದೆ.

18-20 ಗಂಟೆಗೆ ಬೂಷ್ಟು ಬೂಸಾವನ್ನು ಚಾಪೆಯಂತೆ ಹೆಣೆದಿರುತ್ತದೆ. ಆಗ ಒಮ್ಮೆ ಮುರಿದು ತಿರುವಿ ಹಾಕಿ. ಜಪಾನಿನವರು ಕೋಜಿಗೆ (ಇದೇ ಬೂಷ್ಟು ಬೆಳೆಸಿದ ಧಾನ್ಯ) ತಲೆಮಾರುಗಳಿಂದ ಇದನ್ನೇ ಮಾಡುತ್ತಾರೆ. ಅಲ್ಲಿಯ ವಿಜ್ಞಾನಿ ತಕಾಮಿನೆ 1894ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಎಂಜೈಮ್ ವಿಧಾನದಲ್ಲೂ ಇದೇ ಬೂಷ್ಟು, ಇದೇ ಗೋಧಿ ಬೂಸಾ!

ಲ್ಯಾಬ್ ಅಕ್ಕ:
ಲೋಳೆ ಬಂದಿದ್ದರೆ ಬ್ಯಾಸಿಲಸ್ ಬ್ಯಾಕ್ಟೀರಿಯಾ ಇರಬಹುದು. ಒಂದೇ ಚೀಲದಲ್ಲಿ ಅಷ್ಟು ತುಂಬಿದರೆ 20 ನಿಮಿಷದಲ್ಲಿ ನಡುವಿನ ತನಕ ಬಿಸಿ ಮುಟ್ಟುವುದೇ ಇಲ್ಲ. ಸಣ್ಣ ಸಣ್ಣ ಚೀಲ ಮಾಡಿ 121 ಡಿಗ್ರಿಯಲ್ಲಿ 45 ನಿಮಿಷ ಇಡಿ. ಇನ್ನೊಂದು, ಬೂಸಾದಲ್ಲೇ ಸಕ್ಕರೆ ಇರುತ್ತದೆ. ಡಿಎನ್ಎಸ್ (ಸಕ್ಕರೆ ಅಳೆದು ಎಂಜೈಮಿನ ಕೆಲಸ ತಿಳಿಯುವ ಪರೀಕ್ಷೆ) ಮಾಡುವಾಗ ಕುದಿಸಿ ಕೊಂದ ಎಂಜೈಮಿನ ಬ್ಲಾಂಕ್ (ಹೋಲಿಸಿ ಕಳೆಯುವ ಮಾದರಿ) ಇಡದಿದ್ದರೆ ರೀಡಿಂಗ್ ಸುಮ್ನೆ ಜಾಸ್ತಿ ಬರುತ್ತದೆ. ನಾನೂ ಒಂದು ಸೆಮಿಸ್ಟರ್ ಹಾಗೇ ಖುಷಿಪಟ್ಟಿದ್ದೆ.

ದಾವಣಗೆರೆ ಹುಡುಗಿ:
ಎರಡನೇ ಸಲ ಎರಡೂವರೆ ಸೆಂ.ಮೀ. ಹಾಕಿ 19 ಗಂಟೆಗೆ ಮುರಿದೆ. ನಡುವೆ 35 ದಾಟಲಿಲ್ಲ, ಕೆಟ್ಟ ವಾಸನೆಯೂ ಇಲ್ಲ. 72 ಗಂಟೆಗೆ ಬಫರಿನಲ್ಲಿ ನೆನೆಸಿ ಬಟ್ಟೆಯಲ್ಲಿ ಹಿಂಡಿದೆ. ಉಳಿದ ಹಿಂಡಿಯನ್ನು ಮನೆಯ ಹಸುವಿಗೆ ಹಾಕಬಹುದಾ ಸರ್?

ಹಳೇ ಟ್ರೇ:
ಬೇಡಮ್ಮಾ. ಇನ್ನೊಮ್ಮೆ ಆಟೋಕ್ಲೇವ್ ಮಾಡಿ ಗೊಬ್ಬರದ ಗುಂಡಿಗೆ ಹಾಕಿ. ಟ್ರೇ ಕೆದಕುವಾಗ ಮಾಸ್ಕ್ ಹಾಕಿಕೊಳ್ಳಿ, ಬೂಷ್ಟಿನ ಬೀಜಕಣಗಳ ಆ ಹಸಿರು ಪುಡಿ ಮೂಗಿಗೆ ಹೋದರೆ ಒಳ್ಳೆಯದಲ್ಲ.