ಮನೆ ಶೆಡ್‌ಗೆ ಮಿಲ್ಲಿಂಗ್ ಮಷೀನ್: ಸಣ್ಣ ಬೆಂಚ್ ಮಷೀನೋ, ಹಳೆ ಎಂ1ಟಿಆರೋ?

ನವನಗರ ಶೆಡ್, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಮನೆ ಹಿಂದೆ 10×12 ಅಡಿಯ ಶೆಡ್ ಇದೆ. ಒಂದು ಲೇತ್, ಒಂದು 13 ಎಂಎಂ ಬೆಂಚ್ ಡ್ರಿಲ್ ಈಗಾಗಲೇ ಇವೆ. ಕರೆಂಟು ಸಿಂಗಲ್ ಫೇಸ್. ಮಾಡುವ ಕೆಲಸ ಇಷ್ಟು: 20ರಿಂದ 30 ಎಂಎಂ ಶಾಫ್ಟಿಗೆ ಕೀ-ವೇ (ಕೀ ಕೂರುವ ಕಾಲುವೆ), 12 ಎಂಎಂ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟಿನ ಅಂಚು ಕಾಟಕೋನ (90 ಡಿಗ್ರಿ) ಮಾಡುವುದು, ಬೇರಿಂಗ್ ಬ್ಲಾಕ್, ಅಲ್ಯೂಮಿನಿಯಂ ಬ್ರಾಕೆಟ್. ಜಾಬ್ 250×120 ಎಂಎಂ ದಾಟುವುದಿಲ್ಲ.

ಇದಕ್ಕೆ ಮಿಲ್ಲಿಂಗ್ ಮಷೀನ್ (ತಿರುಗುವ ಕಟರಿನಿಂದ ಲೋಹ ಕೆತ್ತುವುದು) ಬೇಕು, ಕಣ್ಣ ಮುಂದೆ ಮೂರು ದಾರಿ ಇವೆ. 60 ಕೆಜಿ ಆಸುಪಾಸಿನ ಸಣ್ಣ ಬೆಂಚ್ ಮಷೀನ್, 120 ಕೆಜಿ ಆಸುಪಾಸಿನದು, ಇಲ್ಲವೇ ಇಂಡಸ್ಟ್ರಿಯಲ್ ಎಸ್ಟೇಟಿನಿಂದ ಹಳೆ ಎಂ1ಟಿಆರ್ (ಕಾರ್ಖಾನೆಯ ದೊಡ್ಡ ಟರೆಟ್ ಮಿಲ್ಲಿಂಗ್ ಮಷೀನ್). ಡ್ರಿಲ್ ಮಷೀನಿಗೇ ಕ್ರಾಸ್ ವೈಸ್ (ಎರಡು ದಿಕ್ಕಿಗೂ ಸರಿಯುವ ವೈಸ್) ಕೂರಿಸಿದರೆ ಸಾಕು ಎನ್ನುವವರೂ ಇದ್ದಾರೆ. ತಿಳಿದವರು ಬಿಡಿಸಿ ಹೇಳಿದರೆ ಉಪಕಾರ.

ಗೋಕುಲ ರೋಡ್ ಫಿಟ್ಟರ್

ಡ್ರಿಲ್ ಮಷೀನ್ ಮಾತು ಮೊದಲ ಬಿಡ್ರಿ. ಅದರ ಚಕ್ ಬರೇ ಟೇಪರ್ ಮ್ಯಾಲೆ ನಿಂತಿರತೈತಿ. ತೂತು ಹಾಕುವಾಗ ಒತ್ತಡ ಕೆಳಗಿಂದ ಮ್ಯಾಲೆ ಬರೋದಕ್ಕ ಗಟ್ಟಿ ಕೂಡತೈತಿ. ಎಂಡ್ ಮಿಲ್ (ಬಾಜೂಕೂ ಕತ್ತರಿಸೋ ಕಟರ್) ಹಾಕಿದ್ರ ಹೊಡತ ಬಾಜೂಕ ಬೀಳತೈತಿ, ಟೇಪರ್ ಸಡಿಲ ಆಗಿ ಚಕ್ ತಿರಗತಿರೋವಾಗ ಕಳಚಿ ಬೀಳತೈತಿ. ಮಿಲ್ಲಿಂಗ್ ಸ್ಪಿಂಡಲ್‌ಗೆ ಮ್ಯಾಲಿಂದ ಡ್ರಾಬಾರ್ (ಟೂಲ್ ಎಳದ ಹಿಡಿಯೋ ಉದ್ದ ಬೋಲ್ಟ್) ಕೊಟ್ಟಿರೋದು ಇದಕ್ಕ.

60 ಕೆಜಿ ಮಷೀನ್ ಅಲ್ಯೂಮಿನಿಯಂಗೆ ನಡೀತೈತಿ, ನಿಮ್ಮ ಎಂಎಸ್ ಕೆಲಸಕ್ಕ ಸಾಲೂದಿಲ್ಲ. ಬಾಳ ಮಾಡೆಲ್‌ನ್ಯಾಗ ಕಾಲಮ್ ಹಿಂದ ಒಂದ ದೊಡ್ಡ ನಟ್ ಮ್ಯಾಲೆ ನಿಂತಿರತೈತಿ. 10 ಎಂಎಂ ಕಟರ್ ಎಂಎಸ್‌ನ್ಯಾಗ 1 ಎಂಎಂ ಇಳಿಸಿದ್ರ ಹೆಡ್ ನಡಗತೈತಿ, ಫಿನಿಶ್ ಮ್ಯಾಲೆ ಗೆರಿ ಗೆರಿ ಮೂಡತಾವ. ಒಳಗ ಪ್ಲಾಸ್ಟಿಕ್ ಗೇರ್ ಇದ್ರ ಕಟರ್ ಸಿಕ್ಕೊಂಡ ಕೂಡಲೇ ಹಲ್ಲು ಹೋಗ್ತಾವ. ಬೆಲ್ಟ್ ಡ್ರೈವ್ ಇದ್ರ ಬೆಲ್ಟ್ ಜಾರತೈತಿ, ಮಷೀನ್ ಉಳೀತೈತಿ.

ದುಂಡ ಕಾಲಮ್ ಮಷೀನ್ ಅಗ್ಗ ಸಿಕ್ಕತು ಅಂತ ತಗೋಬ್ಯಾಡ್ರಿ. ತೂಕ ಇರತೈತಿ ಖರೆ, ಆದ್ರ ಹೆಡ್ ಎತ್ತಿ ಇಳಿಸಿದ್ರ ಕಾಲಮ್ ಸುತ್ತ ಸ್ವಲ್ಪ ತಿರಗತೈತಿ. ಸೆಂಟರ್ ಹಿಡದು ತೂತು ಹಾಕಿ, ರೀಮರ್ ಹಾಕಾಕ ಹೆಡ್ ಎತ್ತಿದ್ರ ಹಿಡದ ಸೆಂಟರ್ ಹೋತು. ಡವ್‌ಟೇಲ್ (ಹೆಡ್ ತಿರಗದಂಗ ಹಿಡಿಯೋ ಓರೆ ಅಂಚಿನ) ಕಾಲಮ್ ಇರೋದನ್ನ ನೋಡ್ರಿ.

ಎಲ್ಲಾರೂ ಟೇಬಲ್ ಉದ್ದ ಕೇಳ್ತಾರ, ಎತ್ತರ ಯಾರೂ ಕೇಳೂದಿಲ್ಲ. ಲೆಕ್ಕ ಹಾಕ್ರಿ: ವೈಸ್ ತಳದಿಂದ ಜಾಬ್ ಕೂಡೋ ಜಾಗಕ್ಕ 55 ಎಂಎಂ, ಜಾಬ್ 40, ಅರ್ಬರ್ ಹಾಕಿದ ಡ್ರಿಲ್ ಚಕ್ ಸುಮಾರು 110, 10 ಎಂಎಂ ಡ್ರಿಲ್ ಬಿಟ್ 133 ಉದ್ದ ಇರತೈತಿ, ಚಕ್ ಒಳಗ ಹೋಗಿದ್ದು ಬಿಟ್ರ 100. ಅಲ್ಲಿಗೆ 305 ಆತು. ಸ್ಪಿಂಡಲ್ ಮೂಗಿನಿಂದ ಟೇಬಲ್‌ಗೆ 280 ಎಂಎಂ ಇರೋ ಮಷೀನ್‌ನ್ಯಾಗ ಈ ತೂತ ಬೀಳೂದಿಲ್ಲ. ಇಆರ್ ಕೊಲೆಟ್‌ನ್ಯಾಗ (ಟೂಲ್ ಸುತ್ತ ಬಿಗಿಯೋ ಸೀಳಿದ ಉಕ್ಕಿನ ಬಳಿ) ಡ್ರಿಲ್ ಹಿಡದ್ರ ಮತ್ತ 40-50 ಎಂಎಂ ಉಳೀತೈತಿ. ಗಿಡ್ಡ ಸ್ಟಬ್ ಡ್ರಿಲ್ ಆದ್ರ 10 ಎಂಎಂದು ಪೂರ್ತಿ ಉದ್ದನ 89. ಒಟ್ಟಾರೆ 350ರ ಮ್ಯಾಲೆ ಇದ್ರ ಆರಾಮ.

ಸ್ಪಿಂಡಲ್ ಟೇಪರ್: ಎಂಟಿ3 (ಮೋರ್ಸ್ ಟೇಪರ್ 3) ಇದ್ರ ಟೂಲ್ ಎಲ್ಲಾ ಕಡೆ ಸಿಗತಾವ, ಆದ್ರ ಅದು ತಾನ ಕಚ್ಚಿಕೊಳ್ಳೋ ಟೇಪರ್. ಪ್ರತಿ ಸಲ ಡ್ರಾಬಾರ್ ಸಡಿಲ ಮಾಡಿ, ಅದರ ತಲಿ ಮ್ಯಾಲೆ ಹಿತ್ತಾಳಿ ಸುತ್ತಿಗಿಂದ ಹೊಡದು ಬಿಡಿಸಬೇಕು. ಆ ಪೆಟ್ಟು ಹೋಗಿ ಬೀಳೋದು ಸ್ಪಿಂಡಲ್ ಬೇರಿಂಗ್ ಮ್ಯಾಲೆ. ಆರ್8 ಅಥವಾ ಐಎಸ್‌ಒ30 ಸಿಕ್ಕರ ಅದನ್ನ ಹಿಡೀರಿ, ಸಲೀಸ ಬಿಡತಾವ.

ಬೇಲೂರು ಟೂಲ್‌ರೂಮ್, ಧಾರವಾಡ

ಫಿಟ್ಟರ್ ಅಣ್ಣ ಹೇಳಿದ್ದು ಸರಿ ಇದೆ. ಎಂ1ಟಿಆರ್ ಬಗ್ಗೆ ನಾನು ಬರೆಯುತ್ತೇನೆ.

ಕೆಲಸದ ದೃಷ್ಟಿಯಿಂದ ಅದನ್ನು ಮೀರಿಸುವಂಥದ್ದು ಇಲ್ಲಿ ಬೇರೆ ಇಲ್ಲ. ಆದರೆ ತೂಕ ಒಂದು ಟನ್ ದಾಟುತ್ತದೆ, ಟೇಬಲ್ ಎರಡೂ ಬದಿಗೆ ಪೂರ್ತಿ ಓಡಲು ಸುಮಾರು 2 ಮೀಟರ್ ಅಗಲ ಬೇಕು. ನಿಮ್ಮ ಶೆಡ್‌ನಲ್ಲಿ ಲೇತ್ ಇಟ್ಟ ಮೇಲೆ ಅಷ್ಟು ಜಾಗ ಉಳಿಯುವುದು ಕಷ್ಟ. ಅದಕ್ಕಿಂತ ದೊಡ್ಡ ತೊಡಕು ನೆಲದ್ದು. ನಿಮ್ಮ ಜಾಗ ಎರೆ ಮಣ್ಣಿನದಾದರೆ ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಮೇಲಿನ ತೆಳು ಕಾಂಕ್ರೀಟೂ ಅದರ ಜೊತೆ ಏಳುತ್ತದೆ, ಕೂರುತ್ತದೆ. ಇಷ್ಟು ಭಾರದ ಮಷೀನು ಕೂರಿಸಬೇಕಾದರೆ ಎರೆ ಅಗೆದು ತೆಗೆದು, ಗರಸು ತುಂಬಿ ಧಮ್ಮಸ್ ಹೊಡೆದು, ಅದರ ಮೇಲೆ ಸರಳು ಕಟ್ಟಿದ ಕಾಂಕ್ರೀಟ್ ಹಾಕಬೇಕು. ಹೈಡ್ರಾ (ಕ್ರೇನ್) ತರಿಸಿ ಇಳಿಸುವಾಗ ಟೇಬಲ್ ಹೊತ್ತ ‘ನೀ’ ಭಾಗ ಪೂರ್ತಿ ಕೆಳಗೆ, ಹೆಡ್ ಹೊತ್ತ ‘ರಾಮ್’ ತೋಳು ಪೂರ್ತಿ ಹಿಂದೆ ಇರಬೇಕು. ಮೇಲ್ಭಾಗವೇ ಭಾರ ಆದ್ದರಿಂದ ಸ್ವಲ್ಪ ವಾಲಿದರೂ ಮಗುಚುತ್ತದೆ.

120 ಕೆಜಿ ಮಷೀನಿಗೆ ಈ ಯಾವ ತಾಪತ್ರಯವೂ ಇಲ್ಲ. ಅದರ ಬೇಸ್, ಕಾಲಮ್ ಒಂದಕ್ಕೊಂದು ಬಿಗಿದಿರುತ್ತವೆ. 65×65×6 ಆ್ಯಂಗಲ್‌ನಿಂದ ಸ್ಟ್ಯಾಂಡ್ ಕಟ್ಟಿ, ಮೇಲೆ 12 ಎಂಎಂ ಪ್ಲೇಟ್ ಇಟ್ಟು ಬೋಲ್ಟ್ ಮಾಡಿದರೆ ಸಾಕು. ನೆಲ ಒಂದೆರಡು ಎಂಎಂ ವಾಲಿದರೂ ಜಾಬಿನ ಅಳತೆ ಕೆಡುವುದಿಲ್ಲ. ಬೋಲ್ಟ್ ಬಿಗಿಯುವ ಮುಂಚೆ ನಾಲ್ಕೂ ಮೂಲೆಗೆ ಫೀಲರ್ ಗೇಜ್ ಹಾಕಿ ನೋಡಿ, ಸಂದು ಇದ್ದಲ್ಲಿ ಶಿಮ್ ಕೊಡಿ. ಸಂದು ಬಿಟ್ಟು ಬಿಗಿದರೆ ಬೇಸ್ ತಿರುಚಿ ಟೇಬಲ್ ಬಿಗಿಯಾಗುತ್ತದೆ.

ಹೊಸದಿರಲಿ ಹಳೆಯದಿರಲಿ, ಮ್ಯಾಗ್ನೆಟಿಕ್ ಸ್ಟ್ಯಾಂಡ್ ಮತ್ತು 0.01ರ ಡಯಲ್ ಜೊತೆಗೆ ಒಯ್ಯದೆ ಅಂಗಡಿಗೆ ಹೋಗಬೇಡಿ. ಸ್ಪಿಂಡಲ್ ಟೇಪರಿನ ಒಳಗೆ ಲಿವರ್ ಡಯಲ್ ಹಚ್ಚಿ ಕೈಯಿಂದ ತಿರುಗಿಸಿ, 0.01 ಒಳಗಿರಬೇಕು. ಡಯಲನ್ನು ಟೇಬಲ್ ಮೇಲಿಟ್ಟು ಸ್ಪಿಂಡಲ್ ಮೂಗಿಗೆ ತಾಗಿಸಿ, ಹೆಡ್ಡನ್ನು ಕೈಯಿಂದ ಜೋರಾಗಿ ನೂಕಿ. ಕೈ ಬಿಟ್ಟಾಗ ಮುಳ್ಳು ಇದ್ದಲ್ಲಿಗೆ ಮರಳದಿದ್ದರೆ ಎಲ್ಲೋ ಸಡಿಲ ಇದೆ. ಹಳೆ ಮಷೀನಿನಲ್ಲಿ ಬ್ಯಾಕ್‌ಲ್ಯಾಶ್‌ (ಹಿಡಿ ತಿರುಗಿಸಿದರೂ ಟೇಬಲ್ ಸರಿಯದ ಸಡಿಲು) ಅನ್ನು ಟೇಬಲಿನ ನಡುವೆ ಒಮ್ಮೆ, ತುದಿಯಲ್ಲಿ ಒಮ್ಮೆ ಅಳೆಯಿರಿ. ಎರಡೂ ಕಡೆ 0.3 ಬಂದರೆ ಸವೆದದ್ದು ನಟ್, ಬದಲಾಯಿಸಬಹುದು. ನಡುವೆ 0.4, ತುದಿಯಲ್ಲಿ 0.1 ಬಂದರೆ ಸವೆದದ್ದು ಸ್ಕ್ರೂ. ಗಿಬ್ (ಸ್ಲೈಡಿನ ಸಡಿಲು ತೆಗೆಯುವ ಪಟ್ಟಿ) ಕೂಡ ಹಾಗೆಯೇ: ನಡುವೆ ಸರಿ ಮಾಡಿದರೆ ತುದಿಯಲ್ಲಿ ಟೇಬಲ್ ಹಿಡಿದುಕೊಳ್ಳುತ್ತದೆ ಎಂದಾದರೆ ಸ್ಲೈಡೇ ಸವೆದಿದೆ, ಅದನ್ನು ಸ್ಕ್ರೇಪ್ ಮಾಡಿಸುವ ಖರ್ಚು ನಿಮಗೆ ಬೇಡ. ಕೊನೆಗೆ ಪೂರ್ತಿ ಸ್ಪೀಡಿನಲ್ಲಿ 20 ನಿಮಿಷ ಓಡಿಸಿ. ಸ್ಪಿಂಡಲ್ ಮೂಗಿನ ಮೇಲೆ ಕೈ ಇಡಲಾಗದಷ್ಟು ಕಾದರೆ ಬೇರಿಂಗ್ ಅತಿ ಬಿಗಿ ಅಥವಾ ಹಾಳಾಗಿದೆ.

ದುಡ್ಡಿನಲ್ಲಿ ಮೂರನೇ ಒಂದು ಭಾಗವನ್ನು ಟೂಲಿಂಗ್‌ಗೆ ತೆಗೆದಿಡಿ. 100 ಎಂಎಂ ಮಿಲ್ಲಿಂಗ್ ವೈಸ್, ನಿಮ್ಮ ಟಿ-ಸ್ಲಾಟ್ ಅಳತೆಯ ಕ್ಲ್ಯಾಂಪಿಂಗ್ ಕಿಟ್, ಇಆರ್32 ಚಕ್ ಮತ್ತು 6, 8, 10, 12, 16 ಕೊಲೆಟ್, ಪ್ಯಾರಲಲ್ ಜೋಡಿ, ಎಡ್ಜ್ ಫೈಂಡರ್ (ಸ್ಪಿಂಡಲ್‌ಗೆ ಹಾಕಿ ಅಂಚು ಹುಡುಕುವ ಸಾಧನ). ಡಿಆರ್‌ಒ (ಟೇಬಲ್ ಸರಿದ ಅಳತೆ ತೋರಿಸುವ ಡಿಜಿಟಲ್ ಪರದೆ) ಆಮೇಲೆ ಹಾಕಿಸಬಹುದು, ವೈಸಿನಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಸರಿಯುವ ದವಡೆ ಎದ್ದು ಬಿಡುವ ವೈಸಿನಲ್ಲಿ ಪ್ಲೇಟಿನ ಅಂಚು ಎಂದೂ 90 ಡಿಗ್ರಿಗೆ ಬರುವುದಿಲ್ಲ.

ಮೋಟಾರ್ ವೈಂಡಿಂಗ್, ಹಾವೇರಿ

ಕರೆಂಟಿನ ಬಗ್ಗೆ ಯಾರೂ ಬರೆದಿಲ್ಲ. ಸಣ್ಣ ಬೆಂಚ್ ಮಷೀನುಗಳ ಮೋಟಾರು ಸಿಂಗಲ್ ಫೇಸಿಗೇ ಬರುತ್ತದೆ. ಬ್ರಶ್ ಇರುವ ಡಿಸಿ ಮೋಟಾರು ಬೇಡ, ಬ್ರಶ್‌ಲೆಸ್ ನೋಡಿ ತಗೊಳ್ರಿ. ಬ್ರಶ್ ಮೋಟಾರಿನಲ್ಲಿ ಕಟರ್ ಸಿಕ್ಕಿ ನಿಂತಾಗ ಕರೆಂಟ್ ಏರಿ ಮೊದಲು ಸುಡುವುದು ಸ್ಪೀಡ್ ಬೋರ್ಡ್.

ತ್ರೀ ಫೇಸ್ ಮೋಟಾರಿನ ಮಷೀನ್ ಸಿಕ್ಕರೆ ಬಿಡಬೇಡಿ. ಸಿಂಗಲ್ ಫೇಸ್ 230 ವೋಲ್ಟ್ ಒಳಗೆ ತಗೊಂಡು, ತ್ರೀ ಫೇಸ್ 230 ಹೊರಗೆ ಕೊಡುವ, ಮೋಟಾರಿನ ಸ್ಪೀಡ್ ಬದಲಿಸುವ ಡ್ರೈವ್, ಅಂದರೆ ವಿಎಫ್‌ಡಿ ಸಿಗುತ್ತದೆ, 1 ಎಚ್‌ಪಿಗೆ 0.75 ಕಿಲೋವ್ಯಾಟ್‌ನದು. ಆದರೆ ನಮ್ಮಲ್ಲಿಯ 1 ಎಚ್‌ಪಿ ಮೋಟಾರು ಸಾಮಾನ್ಯವಾಗಿ 415 ವೋಲ್ಟ್ ಸ್ಟಾರ್‌ನಲ್ಲಿ ಇರುತ್ತದೆ. ಹಾಗೇ 230 ಕೊಟ್ಟರೆ ಟಾರ್ಕ್ ಮೂರನೇ ಒಂದಕ್ಕೆ ಇಳಿಯುತ್ತದೆ, ಕಟರ್ ತಾಗಿದ ತಕ್ಷಣ ನಿಲ್ಲುತ್ತದೆ. ಟರ್ಮಿನಲ್ ಬಾಕ್ಸಿನಲ್ಲಿ ಆರು ವೈರ್ ಇದ್ದರೆ ಪಟ್ಟಿ ಬದಲಿಸಿ ಡೆಲ್ಟಾ ಮಾಡಿ. ಮೂರೇ ಇದ್ದರೆ ಒಳಗಿನ ಸ್ಟಾರ್ ಗಂಟು ಬಿಚ್ಚಿ ಆರೂ ತುದಿ ಹೊರಗೆ ತರಬೇಕು, ವೈಂಡಿಂಗ್ ಅಂಗಡಿಯಲ್ಲಿ ಮಾಡಿಕೊಡುತ್ತಾರೆ.

ವಿಎಫ್‌ಡಿ ಮತ್ತು ಮೋಟಾರಿನ ನಡುವೆ ಹಳೆ ಡ್ರಮ್ ಸ್ವಿಚ್ ಉಳಿಸಬೇಡಿ. ಓಡುವಾಗ ಅದನ್ನು ತೆರೆದರೆ ಡ್ರೈವ್ ಹಾಳಾಗುತ್ತದೆ. ಸ್ಟಾರ್ಟ್, ರಿವರ್ಸ್ ಎಲ್ಲ ಡ್ರೈವಿನ ಕಂಟ್ರೋಲ್ ಟರ್ಮಿನಲ್‌ನಿಂದಲೇ ಆಗಲಿ. 25 ಹರ್ಟ್ಸ್‌ಗಿಂತ ಕೆಳಗೆ ಬಹಳ ಹೊತ್ತು ಓಡಿಸಬೇಡಿ, ಮೋಟಾರಿನ ಸ್ವಂತ ಫ್ಯಾನಿಗೆ ಗಾಳಿ ಸಾಲದೆ ಕಾಯುತ್ತದೆ. ಕಡಿಮೆ ಸ್ಪೀಡಿಗೆ ಬೆಲ್ಟ್ ಬದಲಿಸಿ.

ನವನಗರ ಶೆಡ್, ಹುಬ್ಬಳ್ಳಿ

ಮೂವರಿಗೂ ಧನ್ಯವಾದ. ಹಾಗಾದರೆ 120 ಕೆಜಿ, ಡವ್‌ಟೇಲ್ ಕಾಲಮ್, ಆರ್8, ಬ್ರಶ್‌ಲೆಸ್. ಇಂಥ ಮಷೀನಿನಲ್ಲಿ 25 ಎಂಎಂ ಶಾಫ್ಟಿನ ಕೀ-ವೇ ಅಳತೆಗೆ ಬರುತ್ತದೆಯೇ? 8 ಎಂಎಂ ಕಟರ್ ಒಂದೇ ಸಲ ಓಡಿಸಬಹುದೇ?

ಬೇಲೂರು ಟೂಲ್‌ರೂಮ್, ಧಾರವಾಡ

ಬರುತ್ತದೆ, ಆದರೆ 8ರ ಕಟರಿನಿಂದ ಅಲ್ಲ. ಒಂದೇ ಸಲ ಓಡಿಸಿದರೆ ಕಟರ್ ಒಂದು ಬದಿಗೆ ಎಳೆದು ದಾರಿ 8.05, 8.1 ಆಗಿ ಕೀ ಸಡಿಲ ಕೂರುತ್ತದೆ. 25 ಶಾಫ್ಟಿಗೆ ಕೀ 8×7, ಶಾಫ್ಟಿನಲ್ಲಿ ಆಳ 4. 6 ಎಂಎಂನ ಎರಡು ಹಲ್ಲಿನ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಸ್ಲಾಟ್ ಡ್ರಿಲ್ ಕಟರ್ ತಗೊಳ್ಳಿ, 1,300 ಆರ್‌ಪಿಎಂ, ಫೀಡ್ ನಿಮಿಷಕ್ಕೆ 50 ಎಂಎಂ.

ಸೆಂಟರ್ ಹೀಗೆ ಹಿಡಿಯಿರಿ. ಶಾಫ್ಟ್ ಇಡುವ ಮೊದಲು 10 ಎಂಎಂ ಎಡ್ಜ್ ಫೈಂಡರನ್ನು 800 ಆರ್‌ಪಿಎಂನಲ್ಲಿ ವೈಸಿನ ಸ್ಥಿರ ದವಡೆಯ ಒಳಮೈಗೆ ತಾಗಿಸಿ. ಸ್ಪಿಂಡಲ್ ಈಗ ದವಡೆಯಿಂದ 5 ಎಂಎಂ ದೂರ ಇದೆ, ಬೇಕಾದದ್ದು 12.5. ದವಡೆಯಿಂದ ದೂರಕ್ಕೆ ಇನ್ನೂ 7.5 ಹೋಗಬೇಕು. ನೇರ 7.5 ಹೋಗಿ ನಿಂತರೆ ಬ್ಯಾಕ್‌ಲ್ಯಾಶ್ ಅಷ್ಟೂ ತಪ್ಪು ಸೇರುತ್ತದೆ. ಹೆಚ್ಚು ಕಡಿಮೆ 10 ಎಂಎಂ ದಾಟಿ ಹೋಗಿ, ತಿರುಗಿ ದವಡೆಯ ಕಡೆಗೇ ಬರುತ್ತಾ 7.5ರ ಗೆರೆಗೆ ನಿಲ್ಲಿಸಿ ವೈ (ಟೇಬಲ್ ಹಿಂದೆ ಮುಂದೆ ಸರಿಯುವ ದಿಕ್ಕು) ಲಾಕ್ ಮಾಡಿ.

ಶಾಫ್ಟ್ ಬಿಗಿದು ನಡುವೆ ಅರ್ಧರ್ಧ ಎಂಎಂ ಇಳಿಸುತ್ತಾ 4ಕ್ಕೆ ಬನ್ನಿ. ಆಳವನ್ನು ಮೇಲಿಂದ ಅಳೆಯಬೇಡಿ. ಕೀ-ವೇ ತಳದಿಂದ ಶಾಫ್ಟಿನ ಎದುರು ಮೈಗೆ 21.0 ಬರಬೇಕು, 20.8ಕ್ಕಿಂತ ಕಡಿಮೆ ಆಗಬಾರದು. ಆಮೇಲೆ ಎರಡೂ ಗೋಡೆಗೆ 0.95ರಂತೆ ಸರಿದು 7.9 ಮಾಡಿ, ಅಳೆದು ನೋಡಿ, ಉಳಿದದ್ದನ್ನು ಒಂದೊಂದು ಗೋಡೆಯಿಂದ ತೆಗೆಯಿರಿ. ಫೀಡ್ ಯಾವಾಗಲೂ ಕಟರಿನ ತಿರುಗುವಿಕೆಗೆ ಎದುರಾಗಿಯೇ ಇರಲಿ, ಜೊತೆಗೆ ಹೋದರೆ ಬ್ಯಾಕ್‌ಲ್ಯಾಶ್ ಇರುವ ಟೇಬಲನ್ನು ಕಟರ್ ಎಳೆದುಕೊಂಡು ಹಲ್ಲು ಮುರಿಯುತ್ತದೆ.

ಕಟರ್ ಕೆಳಗೆ ಜಾರಿ ಆಳ ಹೆಚ್ಚಾಗುತ್ತಿದ್ದರೆ ಕೊಲೆಟ್ ಬಿಚ್ಚಿ ಎಣ್ಣೆ ಒರೆಸಿ. ಕೊಲೆಟನ್ನು ಮೊದಲು ನಟ್‌ನೊಳಗೆ ಟಕ್ಕೆಂದು ಕೂರಿಸಿ, ನಂತರವೇ ಚಕ್ಕಿಗೆ ಹಾಕಿ.