ಪುಟ್ಟಿಗೆ, ಅಣ್ಣನಿಗೂ: ಉಳಿದ ಎಂಟು ತಿಂಗಳ ಲೆಕ್ಕ

ಪುಟ್ಟಿ, ನಿನ್ನ ಮೆಸೇಜ್ ಬೆಳಗ್ಗೆಯೇ ನೋಡಿದೆ. ಪಾಠ ಇತ್ತು, ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ. ಕೆಲಸ ಬಿಟ್ಟು ಪೂರ್ತಿ ಜಾನಪದ ಹಾಡಿಗೇ ಬರಲಾ ಅತ್ತೆ ಅಂತ ಕೇಳಿದ್ದೀಯ. ಅದರ ಕೆಳಗೆ ಅಣ್ಣ, "ವರ್ಷಕ್ಕೆ ನಾಲ್ಕು ತಿಂಗಳು ಕಾರ್ಯಕ್ರಮ, ಉಳಿದ ಎಂಟು ತಿಂಗಳು ಏನು ಮಾಡ್ತಾಳೆ?" ಅಂತ ಬರೆದಿದ್ದಾನೆ. ಅಣ್ಣಾ, ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀಯ, ನನಗೇನೂ ಬೇಜಾರಿಲ್ಲ. ಆದರೆ ನನ್ನ ಮುಕ್ಕಾಲು ಕೆಲಸ ಇರುವುದೇ ಆ ಎಂಟು ತಿಂಗಳಲ್ಲಿ. ಯಾರ ಕಣ್ಣಿಗೂ ಬೀಳುವುದಿಲ್ಲ, ಅಷ್ಟೇ.

ಮೊದಲು ತಿರುಗಾಟದ ವಿಷಯ ಹೇಳಿಬಿಡುತ್ತೇನೆ. ವೇದಿಕೆ ಮೇಲೆ ಹಾಡುವುದು ಒಂದೂವರೆ ಗಂಟೆ, ಅದಕ್ಕೆ ಹೋಗುವುದು ಮೂರು ದಿನ. ಹೋಗುವ ದಾರಿ, ಮೈಕ್ ಸರಿಮಾಡಿಸುವುದು, ಕಾಯುವುದು, ವಾಪಸ್ ಬರುವುದು. ಗಂಟಲು ಕೆಡುವುದು ಹಾಡಿ ಅಲ್ಲ ಪುಟ್ಟಿ, ಗಾಡಿಯ ಗದ್ದಲದಲ್ಲಿ ಮಾತಾಡಿ ಕೆಡುತ್ತದೆ. ಸುತ್ತ ಸದ್ದಿದ್ದರೆ ನಮಗೆ ಗೊತ್ತಿಲ್ಲದೇ ದನಿ ಏರಿಸುತ್ತೇವೆ. ಅದಕ್ಕೇ ನಮ್ಮ ತಂಡದಲ್ಲಿ ಪ್ರಯಾಣದಲ್ಲಿ ಮಾತು ಕಡಿಮೆ. ಇನ್ನು ವಾದ್ಯಗಳದ್ದು ಮಕ್ಕಳ ಹಾಗೆ. ಗಾಳಿಯಲ್ಲಿ ತೇವ ಇದ್ದರೆ ತೊಗಲು ಸಡಿಲವಾಗಿ ಶ್ರುತಿ ಇಳಿಯುತ್ತದೆ, ಒಣ ಹವೆಯಲ್ಲಿ ಬಿಗಿದುಕೊಂಡು ಏರುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಗಾಡಿಯೊಳಗೆ ಮರದ ವಾದ್ಯ ಬಿಟ್ಟರೆ ಅಂಟು ಬಿಡುತ್ತದೆ. ಹಾಗಾಗಿ ಹೋದ ಕಡೆ ನಾವು ಉಳಿದುಕೊಳ್ಳುವ ಜಾಗಕ್ಕಿಂತ ಮೊದಲು ವಾದ್ಯ ಎಲ್ಲಿಡುವುದು ಅಂತ ನೋಡುತ್ತೇವೆ.

ಧ್ವನಿಮುದ್ರಣದ ಬಗ್ಗೆ ನನ್ನ ಅಭಿಪ್ರಾಯ ಬೇರೆಯವರಿಗಿಂತ ಸ್ವಲ್ಪ ಬೇರೆ. ಜಾಸ್ತಿ ಜನ ತಿರುಗಾಟಕ್ಕೆ ಮುಂಚೆ ಮುದ್ರಿಸುತ್ತಾರೆ, ಹೋದಲ್ಲೆಲ್ಲ ಕೇಳಿಸಬಹುದು, ಮಾರಬಹುದು ಅಂತ. ನಾನು ತಿರುಗಾಟ ಮುಗಿಸಿ ಬಂದು ಎರಡು ವಾರ ಗಂಟಲಿಗೆ ರಜೆ ಕೊಟ್ಟು ಆಮೇಲೆ ಮುದ್ರಿಸುತ್ತೇನೆ. ಮೂವತ್ತು ಸಲ ಜನರ ಮುಂದೆ ಹಾಡಿದ ಮೇಲೆಯೇ ಹಾಡು ಎಲ್ಲಿ ಉಸಿರು ಕೇಳುತ್ತದೆ, ಯಾವ ಸಾಲು ನಿಲ್ಲಿಸಿ ಹೇಳಬೇಕು ಅಂತ ಗೊತ್ತಾಗುವುದು. ಕಿವಿಯಲ್ಲಿ ಟಕ್ ಟಕ್ ಅನ್ನುವ ತಾಳ ಹಾಕಿಕೊಂಡು ಹಾಡು ಅಂತ ಸ್ಟುಡಿಯೋದಲ್ಲಿ ಹೇಳುತ್ತಾರೆ, ಒಪ್ಪಬೇಡ. ಕಥೆ ಹೇಳುವ ಹಾಡು ಒಂದೇ ವೇಗದಲ್ಲಿ ನಡೆಯುವುದಿಲ್ಲ. ದುಃಖ ಬಂದಲ್ಲಿ ಅದು ನಿಧಾನ ಆಗಲೇಬೇಕು. ಉದ್ದದ ವಿಷಯವೂ ಅಷ್ಟೇ. ಹಳೇ 78 ಸುತ್ತಿನ 10 ಇಂಚಿನ ಗ್ರಾಮಫೋನ್ ಪ್ಲೇಟಿನ ಒಂದು ಬದಿಗೆ ಸುಮಾರು ಮೂರು ನಿಮಿಷ ಮಾತ್ರ ಹಿಡಿಸುತ್ತಿತ್ತು. ಗಂಟೆಗಟ್ಟಲೆ ಹಾಡುವವರೂ ಅಷ್ಟಕ್ಕೆ ಕತ್ತರಿಸಿ ಕೊಡಬೇಕಾಯಿತು. ಆ ಪ್ಲೇಟುಗಳು ಹೋಗಿ ಎಷ್ಟೋ ಕಾಲವಾಯಿತು, ಮೂರು ನಿಮಿಷ ಮಾತ್ರ ಹೋಗಲಿಲ್ಲ. ಈಗ ಫೋನಿನಲ್ಲೇ ಇಡೀ ಹಾಡು ಹಿಡಿಸುತ್ತದೆ ಅಲ್ವಾ, ಮತ್ತೆ ಯಾಕೆ ಕತ್ತರಿಸಬೇಕು? ನಾನಂತೂ ವರ್ಷಕ್ಕೆ ಒಂದಾದರೂ ಹಾಡನ್ನು ಪೂರ್ತಿ ಮುದ್ರಿಸುತ್ತೇನೆ, ಎಷ್ಟು ಹೊತ್ತಾದರೂ ಸರಿ.

ಇನ್ನೊಂದು ವಿಷಯ, ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನನ್ನ ಮೊದಲ ಮುದ್ರಣದಲ್ಲಿ ಒಂದು ಕಂಪನಿ ಕೊಟ್ಟ ಕಾಗದಕ್ಕೆ ಓದದೇ ಸಹಿ ಹಾಕಿದೆ. ಒಂದೇ ಸಲ ಸ್ವಲ್ಪ ದುಡ್ಡು ಕೊಟ್ಟರು. ಆಮೇಲೆ ನನ್ನ ದನಿಯನ್ನೇ ನಾನು ಎಲ್ಲೂ ಹಾಕುವ ಹಾಗಿರಲಿಲ್ಲ. ತುಂಬ ದಿನ ನಿದ್ದೆ ಬರಲಿಲ್ಲ ಅಣ್ಣಾ. ಪುಟ್ಟಿ, ತಿಳಿದುಕೋ, ಹಳೇ ಹಾಡಿಗೆ ಒಡೆಯರಿಲ್ಲದೇ ಇರಬಹುದು, ಅದನ್ನು ಹಾಡಿ ಮಾಡಿದ ಮುದ್ರಣಕ್ಕೆ ಒಡೆಯರು ಇರುತ್ತಾರೆ. ಅದು ನೀನಾ, ಇನ್ನೊಬ್ಬರಾ ಅನ್ನುವುದು ಆ ಕಾಗದದಲ್ಲಿ ಇರುತ್ತದೆ. ಪ್ರತಿ ಮುದ್ರಣಕ್ಕೂ ಐಎಸ್‌ಆರ್‌ಸಿ ಅಂತ 12 ಅಕ್ಷರ ಮತ್ತು ಅಂಕಿಗಳ ಗುರುತು ಇರುತ್ತದೆ, ಅದನ್ನು ಮಾಡಿಸಿ ಬರೆದಿಟ್ಟುಕೋ. ಜೊತೆಗೆ ಆ ಹಾಡನ್ನು ಯಾರಿಂದ ಕಲಿತೆ ಅನ್ನುವುದನ್ನೂ ಹಾಕು. ಅವರ ಹೆಸರಿಲ್ಲದೆ ನಾನು ಒಂದು ಹಾಡನ್ನೂ ಹೊರಗೆ ಬಿಡುವುದಿಲ್ಲ.

ಈಗ ಪಾಠ. ಹಾಡಿ ಬದುಕಲು ಆಗದವರು ಪಾಠ ಹೇಳುತ್ತಾರೆ ಅಂತ ನಮ್ಮವರಲ್ಲೇ ಕೆಲವರು ಅಂದುಕೊಂಡಿದ್ದಾರೆ, ನನಗೆ ಅದು ನೋವಾಗುತ್ತದೆ. ಬೇಲಾ ಬಾರ್ಟೋಕ್ ಅಂತ ಹಂಗೇರಿಯ ದೊಡ್ಡ ಸಂಗೀತಗಾರರು. 1906ರಿಂದ ಫೋನೋಗ್ರಾಫ್ ಹೊತ್ತುಕೊಂಡು ಹಳ್ಳಿ ಹಳ್ಳಿ ತಿರುಗಿ ರೈತರ ಹಾಡು ಮುದ್ರಿಸಿಕೊಂಡರು. ಅವರು 1907ರಿಂದ 1934ರವರೆಗೆ ಬುಡಾಪೆಸ್ಟಿನ ಸಂಗೀತ ಅಕಾಡೆಮಿಯಲ್ಲಿ ಪಿಯಾನೋ ಪಾಠ ಮಾಡಿದರು, ಅದರ ನಡುವೆಯೇ ಊರೂರಲ್ಲಿ ಕಛೇರಿ ಕೊಟ್ಟರು. ತಿರುಗಾಟ, ಮುದ್ರಣ, ಪಾಠ, ಮೂರೂ ಒಬ್ಬರ ಬದುಕಲ್ಲೇ ಇತ್ತು. ನನಗೂ ತಿಂಗಳಿಗೆ ಇಷ್ಟು ಅಂತ ಗೊತ್ತಿರುವ ದುಡ್ಡು ಬರುವುದು ಪಾಠದಿಂದಲೇ. ಆದರೆ ಅದಕ್ಕೋಸ್ಕರ ಮಾತ್ರ ಮಾಡುತ್ತಿಲ್ಲ. ಹೋದ ವರ್ಷ ಒಬ್ಬ ಹುಡುಗ, ಹತ್ತು ವರ್ಷ ಇರಬಹುದು, "ಮೂರನೇ ಸಾಲಿನ ಕೊನೆಯಲ್ಲಿ ದನಿ ಯಾಕೆ ಹಾಗೆ ಜಾರಿಸುತ್ತೀರಿ?" ಅಂತ ಕೇಳಿದ. ನಾನು ಜಾರಿಸುತ್ತೇನೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ನಮ್ಮ ಗುರುಗಳ ಹಳೇ ಕ್ಯಾಸೆಟ್ ಹಾಕಿ ಕೇಳಿದೆ. ಅವರೂ ಅಲ್ಲೇ ಜಾರಿಸಿದ್ದಾರೆ, ಹಾಗೇ. ಇಪ್ಪತ್ತೈದು ವರ್ಷ ಅವರ ಉಸಿರು ನನ್ನ ಗಂಟಲಲ್ಲೇ ಇತ್ತು. ಎಷ್ಟೋ ಹೊತ್ತು ಸುಮ್ನೆ ಕೂತಿದ್ದೆ.

ಅವತ್ತಿನಿಂದ ಪಾಠದ ರೀತಿ ಬದಲಾಯಿಸಿದೆ. ಮೊದಲ ಆರು ವಾರ ಯಾರಿಗೂ ಹಾಡಿನ ಸಾಹಿತ್ಯ ಬರೆದು ಕೊಡುವುದಿಲ್ಲ. ಕಾಗದ ಕೈಗೆ ಬಂದ ತಕ್ಷಣ ಕಿವಿ ಮುಚ್ಚಿಕೊಳ್ಳುತ್ತದೆ. ದೊಡ್ಡವರಿಗೆ ಇದು ಕಷ್ಟ, ಕೆಲವರು ಬಿಟ್ಟೂ ಹೋದರು. ಉಳಿದವರು ಕೇಳಿಸಿಕೊಂಡು ಹಾಡುತ್ತಾರೆ, ಒಬ್ಬೊಬ್ಬರದೂ ಒಂದೊಂದು ಥರ ಬರುತ್ತದೆ.

ಇದರ ಮಧ್ಯೆ ವಯಸ್ಸಾದ ಹಾಡುಗಾರರ ಹತ್ತಿರ ಹೋಗಿ ಹೊಸ ಹಾಡು ಕಲಿಯುವುದು, ವಾದ್ಯ ರಿಪೇರಿ, ಮುಂದಿನ ವರ್ಷದ ಕಾರ್ಯಕ್ರಮಕ್ಕೆ ಆರೇಳು ತಿಂಗಳು ಮೊದಲೇ ಪತ್ರ ಬರೆಯುವುದು. ಎಂಟು ತಿಂಗಳು ಸಾಕಾಗುವುದಿಲ್ಲ ಅಣ್ಣಾ.

ಪುಟ್ಟಿ, ರಾಜೀನಾಮೆ ಈಗಲೇ ಕೊಡಬೇಡ. ಎರಡು ವಾರ ರಜೆ ಹಾಕಿ ಮುಂದಿನ ತಿರುಗಾಟಕ್ಕೆ ನನ್ನ ಜೊತೆ ಬಾ, ವೇದಿಕೆ ಮೇಲೆ ಹಿಮ್ಮೇಳದಲ್ಲಿ ನಿಲ್ಲು. ವಾಪಸ್ ಬಂದ ಮೇಲೆ ಶನಿವಾರದ ಮಕ್ಕಳ ಪಾಠ ಒಂದು ತಿಂಗಳು ನೀನೇ ತಗೋ, ನಾನು ಹಿಂದೆ ಕೂತಿರುತ್ತೇನೆ. ರಜೆ ಯಾವಾಗ ಸಿಗುತ್ತದೆ ಅಂತ ಕೇಳಿ ಇಲ್ಲೇ ಹಾಕು. ಅಣ್ಣಾ, ನೀನೂ ಒಂದು ಶನಿವಾರ ಬಾ.